ಬ್ಯಾಟರಿಗೆ ದುಡ್ಡು ಎಣಿಸುವ ಮುಂಚೆ ಡೈನಮೋ ನೋಡಿ

ಹೋದ ಮಳೆಗಾಲದಲ್ಲಿ ನಾನೊಂದು ಹೊಸ ಬ್ಯಾಟರಿ ಹಾಕಿಸಿದೆ. ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಕಟಕಟ. ಅಂಗಡಿಯವರು ಹಳೆ ಬ್ಯಾಟರಿಯನ್ನು ಒಮ್ಮೆ ನೋಡಿ "ಇದರ ಕತೆ ಮುಗೀತು" ಅಂದರು. ಮೀಟರ್ ಇಟ್ಟು ನೋಡಲಿಲ್ಲ. ನಾನೂ ಕೇಳಲಿಲ್ಲ. ದುಡ್ಡು ಎಣಿಸಿ ಬಂದೆ.

ಐದನೇ ದಿನ ರಾತ್ರಿ ಕಾಸರಗೋಡಿನಿಂದ ಪೆರ್ಲಕ್ಕೆ ವಾಪಸು ಬರುತ್ತಿದ್ದೆ. ಬದಿಯಡ್ಕ ದಾಟಿದ ಮೇಲೆ ವೈಪರ್ ನಿಧಾನ ಆದ ಹಾಗೆ ಕಂಡಿತು. ಮಳೆಯೇ ಜೋರಾಗಿರಬೇಕು ಅಂದುಕೊಂಡೆ. ಸ್ವಲ್ಪ ಹೊತ್ತಿಗೆ ಹೆಡ್‌ಲೈಟು ಹಳದಿಯಾಯಿತು, ಆಮೇಲೆ ಕೆಂಪಾಯಿತು. ಇಂಜಿನ್ ಎರಡು ಸಲ ಮುಗ್ಗರಿಸಿ ನಿಂತೇಬಿಟ್ಟಿತು. ಕತ್ತಲು, ಮಳೆ, ಎರಡೂ ಕಡೆ ತೋಟ. ಬಾನೆಟ್ಟಿನೊಳಗೆ ಐದು ದಿನದ ಹೊಸ ಬ್ಯಾಟರಿ.

ಮರುದಿನ ಪೇಟೆಯ ಹಳೆ ಇಲೆಕ್ಟ್ರಿಷನ್ ಬಂದರು. ನಾವೆಲ್ಲ ಅವರನ್ನು ಇಚ್ಚ ಅಂತಲೇ ಕರೆಯುವುದು. ಜೀಪಿನಿಂದ ವಯರ್ ಎಳೆದು ನನ್ನ ಕಾರು ಸ್ಟಾರ್ಟ್ ಮಾಡಿಸಿದರು. ಇಂಜಿನ್ ಓಡುತ್ತಿರುವಾಗಲೇ ಮೀಟರಿನ ಎರಡು ಮುಳ್ಳು ಬ್ಯಾಟರಿಗೆ ಮುಟ್ಟಿಸಿ ನನಗೆ ತೋರಿಸಿದರು. 11.9 ವೋಲ್ಟ್. ಇಂಜಿನ್ ಓಡುವಾಗ ಅಲ್ಲಿ 14ರ ಹತ್ತಿರ ಇರಬೇಕಿತ್ತು. "ಬ್ಯಾಟರಿಯದ್ದು ಎಂತ ತಪ್ಪು ಮಾಷ್ಟ್ರೇ? ಅದಕ್ಕೆ ಊಟವೇ ಸಿಗ್ತಾ ಇಲ್ಲ." ಇಂಜಿನ್ ಓಡುವಾಗ ಕರೆಂಟ್ ಹುಟ್ಟಿಸಿ ಬ್ಯಾಟರಿ ತುಂಬಿಸುವುದು ಡೈನಮೋ. ಅದರ ಕಾರ್ಬನ್, ಅಂದರೆ ಒಳಗೆ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಸಣ್ಣ ತುಂಡು, ತೇಯ್ದು ಹೋಗಿತ್ತು. ಅದು ನೂರರ ಲೆಕ್ಕದ ಸಾಮಾನು. ನಾನು ಸಾವಿರದ ಲೆಕ್ಕದಲ್ಲಿ ಖರ್ಚು ಮಾಡಿ ಕೂತಿದ್ದೆ.

ಆ ನಂತರ ನಾನೇ ಒಂದು ಮಲ್ಟಿಮೀಟರ್ ಕೊಂಡೆ. ಈ ವರ್ಷ ಅದೇ ಡೈನಮೋದ ಬೇರಿಂಗೂ ಹೋದಾಗ ಇಡೀ ಡೈನಮೋ ಇಳಿಸಿ ಬೇರೆ ಕೂರಿಸಿದ್ದೂ ನಾನೇ, ಇಚ್ಚ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಚಾ ಕುಡಿಯುತ್ತಿದ್ದರು ಅಷ್ಟೆ. ಆ ಕೆಲಸವನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಸುರಂಗ ಮತ್ತು ಟಾಂಕಿ

ನಮ್ಮ ಕಡೆಯವರಿಗೆ ಇದನ್ನು ತಿಳಿಯುವುದು ಸುಲಭ. ಗುಡ್ಡೆಯೊಳಗಿನ ಸುರಂಗದಿಂದ ನೀರು ಸಣ್ಣಗೆ ಹರಿದು ಬಂದು ಟಾಂಕಿ ತುಂಬುತ್ತದೆ. ತೋಟಕ್ಕೆ ಬಿಡುವುದು ಟಾಂಕಿಯಿಂದ. ಟಾಂಕಿ ಖಾಲಿಯಾಯಿತು ಅಂತ ಯಾರಾದರೂ ಹೊಸ ಟಾಂಕಿ ಕಟ್ಟಿಸುತ್ತಾರಾ? ಮೊದಲು ಸುರಂಗಕ್ಕೆ ಹೋಗಿ ನೋಡುತ್ತೇವೆ ಅಲ್ವಾ. ನೀರು ಬರುತ್ತಿದ್ದರೆ, ದಾರಿಯ ಪೈಪು ಎಲ್ಲಿ ಒಡೆದಿದೆ ಅಂತ ಹುಡುಕುತ್ತೇವೆ. ಕಾರಿನಲ್ಲಿ ಬ್ಯಾಟರಿ ಟಾಂಕಿ, ಡೈನಮೋ ಸುರಂಗ, ವಯರು ಪೈಪು. ಇಂಜಿನ್ ಸ್ಟಾರ್ಟ್ ಮಾಡುವ ಆ ಎರಡು ಸೆಕೆಂಡು ಬಿಟ್ಟರೆ ಉಳಿದ ಹೊತ್ತೆಲ್ಲ ಕಾರನ್ನು ಸಾಕುವುದು ಡೈನಮೋ.

ಹೆಸರಿನ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಎಲ್ಲರೂ ಡೈನಮೋ ಅನ್ನುತ್ತಾರೆ. ಹಳೆ ಅಂಬಾಸಿಡರ್, ಹಳೆ ಜೀಪುಗಳಲ್ಲಿ ಇದ್ದದ್ದು ನಿಜವಾದ ಡೈನಮೋ, ಜೊತೆಗೆ ಬ್ಯಾಟರಿಯ ಕರೆಂಟ್ ಹಿಂದಕ್ಕೆ ಹರಿಯದ ಹಾಗೆ ತಡೆಯುವ ಕಟೌಟ್ ಪೆಟ್ಟಿಗೆ. ಈಗ ಇರುವುದು ಆಲ್ಟರ್ನೇಟರ್. ಇದು ಒಳಗೆ ಎ.ಸಿ., ಅಂದರೆ ದಿಕ್ಕು ಬದಲಿಸುತ್ತಾ ಇರುವ ಕರೆಂಟ್ ಹುಟ್ಟಿಸಿ, ಒಂದೇ ದಿಕ್ಕಿಗೆ ಬಿಡುವ ಡಯೋಡುಗಳ ಮೂಲಕ ಡಿ.ಸಿ. ಮಾಡಿ ಕಳಿಸುತ್ತದೆ. ಎಷ್ಟು ಕೊಡಬೇಕು ಅಂತ ನೋಡಿಕೊಳ್ಳುವ ರೆಗ್ಯುಲೇಟರ್ ಹೆಚ್ಚಿನವುಗಳಲ್ಲಿ ಬೆನ್ನಿಗೇ ಅಂಟಿಕೊಂಡಿರುತ್ತದೆ. ಹೆಸರು ಬದಲಾಗಲಿಲ್ಲ, ಇರಲಿ. ನಾನೂ ಡೈನಮೋ ಅಂತಲೇ ಬರೆಯುತ್ತೇನೆ. ಕಾಸರಗೋಡಿನಲ್ಲಿ ಮಲಯಾಳದ ಮೆಕ್ಯಾನಿಕ್ "ಚಾರ್ಜ್ ಕೇರುನ್ನಿಲ್ಲ" ಅಂದರೂ, ತುಳುವಿನವರು "ಚಾರ್ಜ್ ಆಪುಜಿ" ಅಂದರೂ ಕಾಯಿಲೆ ಒಂದೇ.

ಶುರು ಮಾಡುವ ಮುಂಚೆ ನಿಮ್ಮ ಕಾರು ಯಾವುದು ನೋಡಿಕೊಳ್ಳಿ. ಕರೆಂಟಿನ ಕಾರಿನಲ್ಲಿ ಆಲ್ಟರ್ನೇಟರೇ ಇಲ್ಲ. ಹೈಬ್ರಿಡ್ ಕಾರುಗಳಲ್ಲಿ ಸ್ಟಾರ್ಟರೂ ಜನರೇಟರೂ ಒಂದೇ ಆಗಿರುವುದುಂಟು, ಅದಕ್ಕೆ ಕೈ ಹಾಕಬೇಡಿ. ಹಳೆಯ ಕೆಲವು ಡೀಸೆಲ್ ಗಾಡಿಗಳಲ್ಲಿ ಡೈನಮೋದ ಹಿಂಬದಿಗೆ ವ್ಯಾಕ್ಯೂಮ್ ಪಂಪ್ ಕೂತಿರುತ್ತದೆ. ಬ್ರೇಕಿಗೆ ಬಲ ಕೊಡುವುದು ಅದೇ. ಆಯಿಲ್ ಪೈಪೂ ಬರುತ್ತದೆ. ಅದನ್ನು ಬಿಚ್ಚಿ ತಪ್ಪಾಗಿ ಜೋಡಿಸಿದರೆ ಬ್ರೇಕ್ ಪೆಡಲ್ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ. ಅಂಥ ಗಾಡಿಯನ್ನು ಪರೀಕ್ಷೆ ಮಾತ್ರ ನೀವೇ ಮಾಡಿ, ಬಿಚ್ಚುವುದನ್ನು ಗೊತ್ತಿದ್ದವರಿಗೆ ಬಿಡಿ.

ಮೊದಲು ಕಣ್ಣು, ಆಮೇಲೆ ಮೀಟರ್

ಬಾನೆಟ್ ಎತ್ತಿ. ಇಂಜಿನ್ ಆಫ್, ಕೀ ಕಿಸೆಯಲ್ಲಿ. ಉಂಗುರ, ವಾಚು, ಕೈಗೆ ಕಟ್ಟಿದ ಲೋಹದ ಬಳೆ ಎಲ್ಲ ತೆಗೆದಿಡಿ. ಚಿನ್ನದ ಉಂಗುರ ಪ್ಲಸ್‌ಗೂ ಬಾಡಿಗೂ ಒಟ್ಟಿಗೆ ಮುಟ್ಟಿದರೆ ಕ್ಷಣದಲ್ಲಿ ಕೆಂಪಗೆ ಕಾಯುತ್ತದೆ, ಬೆರಳು ಅದರೊಳಗೆ. ಬ್ಯಾಟರಿ ಹತ್ತಿರ ಬೀಡಿ, ಸಿಗರೇಟು ಬೇಡ. ಚಾರ್ಜಾಗುವಾಗ ಅದರಿಂದ ಹೈಡ್ರೋಜನ್ ಹೊರಡುತ್ತದೆ.

ಟರ್ಮಿನಲ್ ನೋಡಿ. ಹಸಿರು ಮಿಶ್ರಿತ ನೀಲಿ ಹುಡಿ ಕಟ್ಟಿದೆಯಾ? ಅಡಿಕೆ ತೋಟದವರಿಗೆ ಆ ಬಣ್ಣ ಕಂಡ ಕೂಡಲೇ ಗುರುತು ಸಿಗಬೇಕು. ಅದು ಮೈಲುತುತ್ತೇ. ಬ್ಯಾಟರಿಯ ಆಸಿಡ್ ಹೊಗೆ ವಯರಿನ ತಾಮ್ರವನ್ನು ತಿಂದರೆ ಸಿಗುವುದು ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಬಿಡುತ್ತೇವಲ್ಲ, ಅದೇ ಪದಾರ್ಥ. ಅಡಿಕೆಗೆ ಒಳ್ಳೆಯದು, ಕಾರಿಗೆ ಅಲ್ಲ. ಕರೆಂಟ್ ದಾಟಲು ಬಿಡುವುದಿಲ್ಲ. ಉಪ್ಪಳ, ಕುಂಬಳೆ, ಮಂಜೇಶ್ವರ ಅಂತ ಕಡಲ ಕಡೆ ಇರುವವರಿಗೆ ಉಪ್ಪುಗಾಳಿಯೂ ಸೇರಿ ಇನ್ನೂ ಬೇಗ ಹಿಡಿಯುತ್ತದೆ. ಮೊದಲು ಮೈನಸ್, ಆಮೇಲೆ ಪ್ಲಸ್ ಕಳಚಿ, ಬಿಸಿನೀರಿಗೆ ಅಡುಗೆ ಸೋಡಾ ಹಾಕಿ ಹಳೆ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತೊಳೆಯಿರಿ. ಒಣಗಿಸಿ, ಮರಳುಕಾಗದದಿಂದ ಹೊಳಪು ಬರುವಷ್ಟು ಉಜ್ಜಿ, ಬಿಗಿ ಮಾಡಿ, ಮೇಲೆ ತೆಳ್ಳಗೆ ವ್ಯಾಸಲೀನ್ ಹಚ್ಚಿ. ತೆಂಗಿನೆಣ್ಣೆ ಹಚ್ಚುವವರೂ ಇದ್ದಾರೆ. ನನ್ನ ಅನುಭವದಲ್ಲಿ ಅದು ಎರಡು ಮಳೆಗೆ ಮಾತ್ರ. ಅರ್ಧದಷ್ಟು "ಡೈನಮೋ ಹೋಯ್ತು" ಕೇಸುಗಳು ಇಲ್ಲೇ ಮುಗಿಯುತ್ತವೆ ಅಂತ ಇಚ್ಚ ಹೇಳುತ್ತಾರೆ. ಅವರ ಅರ್ಧಕ್ಕೆ ಲೆಕ್ಕಪತ್ರ ಇಲ್ಲ, ಆದರೆ ನಂಬುತ್ತೇನೆ.

ಮುಂದೆ ಬೆಲ್ಟ್. ಎರಡು ಪುಲ್ಲಿಗಳ ನಡುವಿನ ಉದ್ದದ ಭಾಗದಲ್ಲಿ ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ. ಹಳೆ ಮಾದರಿಯ ಬೆಲ್ಟ್ ಸುಮಾರು 1 ಸೆಂಟಿಮೀಟರ್ ತಗ್ಗಬಹುದು. ಅಡ್ಡ ತಿರುಚಿದರೆ ಕಾಲು ಸುತ್ತು ತಿರುಗಬೇಕು, ಜಾಸ್ತಿ ತಿರುಗಿದರೆ ಸಡಿಲ. ಒಳಮೈ ಕನ್ನಡಿಯ ಹಾಗೆ ಹೊಳೆಯುತ್ತಿದ್ದರೆ, ಬಿರುಕು ಬಿಟ್ಟಿದ್ದರೆ ಬೆಲ್ಟೇ ಬದಲಿಸಿ. ಮಳೆಯ ಬೆಳಿಗ್ಗೆ ಸ್ಟಾರ್ಟ್ ಮಾಡಿದ ಕೂಡಲೇ ಕೀಂಯ್ ಅಂತ ಕೂಗಿ ಆಮೇಲೆ ಸುಮ್ಮನಾಗುತ್ತದಲ್ಲ, ಅದು ಜಾರುವ ಬೆಲ್ಟು.

ವಯರು ನೋಡುವಾಗ ಇಲಿಯನ್ನು ಮರೆಯಬೇಡಿ. ಜೂನ್ ಬಂತೆಂದರೆ ಗದ್ದೆ ತೋಟದ ಇಲಿಗಳಿಗೆ ಬೆಚ್ಚಗಿನ ಇಂಜಿನೇ ಮನೆ. ಡೈನಮೋದ ಬೆನ್ನಿಗೆ ಬರುವ ಸಣ್ಣ ವಯರು ಒಂದು ಕಡಿದರೂ ಸಾಕು, ಚಾರ್ಜಿಂಗ್ ನಿಲ್ಲುತ್ತದೆ.

ಈಗ ಕೀ ಹಾಕಿ, ಸ್ಟಾರ್ಟ್ ಮಾಡದೆ ಆನ್ ಮಾಡಿ. ಸ್ಟೇರಿಂಗಿನ ಮುಂದಿನ ಸ್ಪೀಡ್ ಮೀಟರಿನ ಹತ್ತಿರ ಕೆಂಪು ಬ್ಯಾಟರಿ ದೀಪ ಉರಿಯಬೇಕು. ಸ್ಟಾರ್ಟ್ ಆದ ಮೇಲೆ ಆರಬೇಕು. ಆರದಿದ್ದರೆ ಚಾರ್ಜ್ ಇಲ್ಲ ಅಂತ ಎಲ್ಲರಿಗೂ ಗೊತ್ತು. ಆದರೆ ಮೊದಲು ಉರಿಯಲೇ ಇಲ್ಲ ಅಂದರೆ ಅದೂ ಕೆಟ್ಟದ್ದೇ, ಇದನ್ನು ಯಾರೂ ಗಮನಿಸುವುದಿಲ್ಲ. ಬಹಳ ಕಾರುಗಳಲ್ಲಿ ಆ ದೀಪದ ದಾರಿಯಲ್ಲೇ ಡೈನಮೋಗೆ ಮೊದಲ ತುತ್ತು ಕರೆಂಟ್ ಹೋಗುವುದು. ಬಲ್ಬು ಸುಟ್ಟಿದ್ದರೆ ಅಥವಾ ಆ ವಯರು ತುಂಡಾಗಿದ್ದರೆ ಡೈನಮೋ ಚೆನ್ನಾಗಿದ್ದೂ ಏಳುವುದಿಲ್ಲ. ನನ್ನ ಕಾರಿನಲ್ಲಿ ಈ ದೀಪ ಉರಿಯದೆ ಎಷ್ಟು ದಿನ ಆಗಿತ್ತೋ ದೇವರಿಗೇ ಗೊತ್ತು. ದೀಪ ಉರಿಯಬಾರದು ಅಂತಷ್ಟೇ ನೋಡುತ್ತಿದ್ದೆ, ಉರಿಯಬೇಕು ಅಂತ ನೋಡಿರಲಿಲ್ಲ.

ಮೀಟರ್ ಹೇಳುವ ನಾಲ್ಕು ಸಂಖ್ಯೆ

ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟಿಗೆ ತಿರುಗಿಸಿ. ಕೆಂಪು ಮುಳ್ಳು ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಮುಳ್ಳನ್ನು ಕ್ಲಾಂಪಿಗಲ್ಲ, ನಡುವಿನ ಸೀಸದ ಗೂಟಕ್ಕೇ ಒತ್ತಿ.

ಮೊದಲನೆಯದನ್ನು ರಾತ್ರಿಯಿಡೀ ನಿಂತ ಕಾರಿನಲ್ಲಿ, ಬೆಳಿಗ್ಗೆ ಬಾಗಿಲು ತೆರೆಯುವ ಮುಂಚೆ ಎನ್ನುವಷ್ಟು ಬೇಗ ನೋಡಬೇಕು. 12.6 ಇದ್ದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು. 12.2 ಅರ್ಧ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚೂಕಡಿಮೆ ಖಾಲಿ. ಕಮ್ಮಿ ಇದ್ದರೆ ಚಾರ್ಜರಿಗೆ ಹಾಕಿ ತುಂಬಿಸಿಕೊಂಡೇ ಮುಂದಿನ ಪರೀಕ್ಷೆಗೆ ಹೋಗಿ, ಇಲ್ಲದಿದ್ದರೆ ಎಲ್ಲ ಸಂಖ್ಯೆಯೂ ಸುಳ್ಳು ಹೇಳುತ್ತದೆ.

ಎರಡನೆಯದು, ಸೆಲ್ಫ್ ಹೊಡೆಯುವಾಗ. ಒಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. 9.6ಕ್ಕಿಂತ ಕೆಳಗೆ ಕುಸಿಯಬಾರದು. ತುಂಬಿದ ಬ್ಯಾಟರಿ ಅಷ್ಟು ಕುಸಿದರೆ ಆಗ ಬ್ಯಾಟರಿಯನ್ನು ದೂರಬಹುದು.

ಮೂರನೆಯದೇ ಮುಖ್ಯ. ಇಂಜಿನ್ ಓಡುತ್ತಿರುವಾಗ, ಆಕ್ಸಿಲೇಟರ್ ಸ್ವಲ್ಪ ಒತ್ತಿಟ್ಟು ನೋಡಿ. 13.8ರಿಂದ 14.5ರ ನಡುವೆ ಇರಬೇಕು. ನಿಂತಾಗ ಇದ್ದ 12.6 ಹಾಗೇ ಇದ್ದರೆ, ಅಥವಾ ನಿಧಾನಕ್ಕೆ ಇಳಿಯುತ್ತಿದ್ದರೆ ಡೈನಮೋದಿಂದ ಏನೂ ಬರುತ್ತಿಲ್ಲ. 15 ದಾಟಿದರೆ ಅದು ಇನ್ನೊಂದು ಕಾಯಿಲೆ. ರೆಗ್ಯುಲೇಟರ್ ಹೋಗಿ ಬ್ಯಾಟರಿಯನ್ನು ಬೇಯಿಸುತ್ತಿದೆ. ಬ್ಯಾಟರಿ ನೀರು ಬೇಗ ಬೇಗ ಕಮ್ಮಿಯಾಗುವುದು, ಬಲ್ಬುಗಳು ಸಾಲಾಗಿ ಸುಡುವುದು, ಮೊಟ್ಟೆ ಕೊಳೆತ ವಾಸನೆ, ಎಲ್ಲ ಅದರದ್ದೇ. ಅಂಥ ಕಾರನ್ನು ಓಡಿಸುತ್ತಾ ಇರಬೇಡಿ.

ನಾಲ್ಕನೆಯದು, ಹೊರೆ ಹಾಕಿ. ಹೆಡ್‌ಲೈಟ್ ಹೈ ಬೀಮ್, ಬ್ಲೋವರ್ ಫುಲ್, ವೈಪರ್, ಹಿಂದಿನ ಗಾಜಿನ ಹೀಟರ್ ಎಲ್ಲ ಆನ್ ಮಾಡಿ, ಇಂಜಿನ್ 2000 ಆರ್‌ಪಿಎಂನಲ್ಲಿ ಹಿಡಿಯಿರಿ. ಆಗಲೂ 13.5ರ ಆಸುಪಾಸು ನಿಲ್ಲಬೇಕು. ಖಾಲಿ ಇರುವಾಗ 14.2 ತೋರಿಸಿ ಹೊರೆ ಬಿದ್ದೊಡನೆ 12.7ಕ್ಕೆ ಇಳಿಯುವ ಡೈನಮೋಗಳು ಬಹಳ. ಹಗಲು ಸರಿ ಇರುತ್ತವೆ, ಮಳೆಯ ರಾತ್ರಿ ಕೈ ಕೊಡುತ್ತವೆ.

ಹೊಸ ಕಾರು ಇದ್ದವರಿಗೆ ಒಂದು ಎಚ್ಚರಿಕೆ. 2020ರ ಏಪ್ರಿಲಿನಲ್ಲಿ ಹೊಗೆ ಕಮ್ಮಿ ಮಾಡುವ ಬಿಎಸ್6 ನಿಯಮ ಬಂದ ಆಸುಪಾಸಿನ, ಆಮೇಲಿನ ಹಲವು ಕಾರುಗಳಲ್ಲಿ ಡೈನಮೋವನ್ನು ಕಂಪ್ಯೂಟರೇ ನಡೆಸುತ್ತದೆ. ಪೆಟ್ರೋಲ್ ಉಳಿಸಲು ಅದು ಒಮ್ಮೊಮ್ಮೆ ಚಾರ್ಜಿಂಗ್ ಬೇಕೆಂದೇ ಕಮ್ಮಿ ಮಾಡುತ್ತದೆ. 12.7 ಕಂಡ ಕೂಡಲೇ ಗಾಬರಿ ಬೇಡ. ಹೆಡ್‌ಲೈಟ್ ಹಾಕಿದಾಗ ಸಂಖ್ಯೆ ಮೇಲೆ ಬಂದರೆ ಸರಿ ಇದೆ.

ಇನ್ನೊಂದು, ಇದನ್ನು ಗಟ್ಟಿಯಾಗಿ ಹೇಳಬೇಕು. ಇಂಜಿನ್ ಓಡುವಾಗ ಬ್ಯಾಟರಿ ಕ್ಲಾಂಪ್ ಕಿತ್ತು, "ನಿಲ್ಲದಿದ್ದರೆ ಡೈನಮೋ ಸರಿ ಉಂಟು" ಅನ್ನುವ ಹಳೆ ಜೀಪಿನ ಕಾಲದ ಪರೀಕ್ಷೆ ಈಗಲೂ ಕೆಲವರು ಮಾಡುತ್ತಾರೆ. ಯಾರಿಗೂ ಹಾಗೆ ಮಾಡಲು ಬಿಡಬೇಡಿ. ಕಿತ್ತ ಕ್ಷಣ ವೋಲ್ಟೇಜ್ ಎಗರುತ್ತದೆ. ಡಯೋಡ್ ಹೋಗಬಹುದು, ಇಂಜಿನ್ನಿನ ಕಂಪ್ಯೂಟರೂ ಹೋಗಬಹುದು. ಅದರ ಮುಂದೆ ಡೈನಮೋ ಏನೂ ಅಲ್ಲ.

ಪೈಪು ಎಲ್ಲಿ ಒಡೆದಿದೆ

ಚಾರ್ಜ್ ಇಲ್ಲ ಅಂತ ಗೊತ್ತಾಯಿತು. ಇಲ್ಲೇ ಹೆಚ್ಚಿನವರು ಡೈನಮೋ ಕೊಳ್ಳಲು ಓಡುವುದು. ತಡೆಯಿರಿ. ಡೈನಮೋ ಕೊಡುತ್ತಿದ್ದು ದಾರಿಯಲ್ಲಿ ಸೋರುತ್ತಿರಬಹುದು.

ಡೈನಮೋದ ಬೆನ್ನಿನಲ್ಲಿ ರಬ್ಬರ್ ಟೊಪ್ಪಿ ಹಾಕಿದ ದಪ್ಪ ವಯರಿನ ನಟ್ಟು ಇರುತ್ತದೆ. ಅದನ್ನು ಬಿ ಪ್ಲಸ್ ಅನ್ನುತ್ತಾರೆ. ಇಂಜಿನ್ ಆಫ್ ಇರುವಾಗ ಕೆಂಪು ಮುಳ್ಳು ಅಲ್ಲಿಗೆ, ಕಪ್ಪು ಮುಳ್ಳು ಬ್ಯಾಟರಿ ಮೈನಸ್‌ಗೆ. ಬ್ಯಾಟರಿಯಷ್ಟೇ ವೋಲ್ಟೇಜ್ ಅಲ್ಲಿಯೂ ಬರಬೇಕು. ಸೊನ್ನೆ ಬಂದರೆ ನಡುವಿನ ದೊಡ್ಡ ಫ್ಯೂಸ್ ಸುಟ್ಟಿದೆ ಅಥವಾ ವಯರ್ ತುಂಡಾಗಿದೆ. ಬ್ಯಾಟರಿಯನ್ನು ಪ್ಲಸ್ ಮೈನಸ್ ಅದಲುಬದಲಾಗಿ ಜೋಡಿಸಿದ ಕಾರುಗಳಲ್ಲಿ ಮೊದಲು ನೋಡಬೇಕಾದ್ದೇ ಈ ಫ್ಯೂಸ್.

ಈಗ ಸ್ಟಾರ್ಟ್ ಮಾಡಿ, ಲೈಟು ಬ್ಲೋವರ್ ಎಲ್ಲ ಹಾಕಿ. ಸಡಿಲ ತೋಳು, ಶಾಲು, ಲುಂಗಿಯ ತುದಿ ಬೆಲ್ಟಿನಿಂದ ದೂರ ಇರಲಿ. ಕೆಂಪು ಮುಳ್ಳು ಬಿ ಪ್ಲಸ್ ನಟ್ಟಿಗೆ, ಕಪ್ಪು ಮುಳ್ಳು ಬ್ಯಾಟರಿಯ ಪ್ಲಸ್ ಗೂಟಕ್ಕೆ. ಎರಡೂ ಪ್ಲಸ್ಸೇ, ತಪ್ಪಿ ಬರೆದದ್ದಲ್ಲ. ಆ ದಾರಿಯಲ್ಲಿ ಎಷ್ಟು ವೋಲ್ಟ್ ಕಳೆದುಹೋಗುತ್ತಿದೆ ಅಂತ ಮೀಟರ್ ಹೇಳುತ್ತದೆ. 0.2, ಹೆಚ್ಚೆಂದರೆ 0.3 ಸಾಕು. ಆಮೇಲೆ ಮೈನಸ್ ದಾರಿ. ಒಂದು ಮುಳ್ಳು ಡೈನಮೋದ ಲೋಹದ ಮೈಗೆ, ಇನ್ನೊಂದು ಬ್ಯಾಟರಿಯ ಮೈನಸ್ ಗೂಟಕ್ಕೆ. ಇಲ್ಲಿ 0.2 ದಾಟಬಾರದು.

ನನ್ನ ಪಕ್ಕದ ಮನೆಯ ಪಿಕಪ್ಪಿಗೆ ಹೀಗೆ ನೋಡಿದಾಗ ಮೈನಸ್ ಕಡೆ 1.3 ಬಂತು. ಮುಳ್ಳನ್ನು ಒಂದೊಂದೇ ಜಾಗಕ್ಕೆ ಸರಿಸುತ್ತಾ ಹೋದೆವು. ಬ್ಯಾಟರಿ ಗೂಟದಿಂದ ಬಾಡಿಗೆ ಸೊನ್ನೆ. ಬಾಡಿಯಿಂದ ಇಂಜಿನ್ನಿಗೆ 1.2. ಇಂಜಿನ್ನಿನಿಂದ ಬಾಡಿಗೆ ಹೋಗುವ ಅರ್ತ್ ವಯರು ಹೊರಗಿನಿಂದ ಚೆನ್ನಾಗಿಯೇ ಇತ್ತು. ತುದಿಯ ಬೋಲ್ಟ್ ಬಿಚ್ಚಿದರೆ ಅಡಿಯಲ್ಲಿ ಕೆಂಪು ಮಣ್ಣೂ ತುಕ್ಕೂ ಸೇರಿ ಹಂಚಿನ ಹಾಗೆ ಕೂತಿತ್ತು. ಕೆರೆದು ಬಿಗಿ ಮಾಡಿದೆವು. ಬ್ಯಾಟರಿಯಲ್ಲಿ 12.8 ಇದ್ದದ್ದು 14.1 ಆಯಿತು. ಖರ್ಚು ಒಂದು ತುಂಡು ಮರಳುಕಾಗದ. ಅವರು ಆ ವಾರವೇ ಮಂಗಳೂರಿಗೆ ಹೋಗಿ ಡೈನಮೋ ತರುವವರಿದ್ದರು.

ದಾರಿ ಸರಿ ಇದ್ದು ಡೈನಮೋ ಕೊಡುತ್ತಿಲ್ಲವಾದರೆ ಇನ್ನೊಂದು ಸಣ್ಣ ಉಪಾಯ. ಕೀ ಆನ್, ಇಂಜಿನ್ ಆಫ್. ಸ್ಪಾನರಿನ ತುದಿಯನ್ನು ಡೈನಮೋ ಪುಲ್ಲಿಯ ನಡುವಿನ ನಟ್ಟಿನ ಹತ್ತಿರ ಹಿಡಿಯಿರಿ. ಅಯಸ್ಕಾಂತದ ಹಾಗೆ ಸಣ್ಣ ಸೆಳೆತ ಇದ್ದರೆ ಒಳಗಿನ ಕಾಯಿಲಿಗೆ ಕರೆಂಟ್ ಹೋಗುತ್ತಿದೆ. ಸೆಳೆತವೇ ಇಲ್ಲವಾದರೆ ಕಾರ್ಬನ್, ರೆಗ್ಯುಲೇಟರ್ ಅಥವಾ ಸಣ್ಣ ವಯರಿನ ಮೇಲೆ ಸಂಶಯ. ಕಂಪ್ಯೂಟರ್ ನಡೆಸುವ ಕಾರುಗಳಲ್ಲಿ ಈ ಉಪಾಯ ನಡೆಯದು.

ಡಯೋಡ್ ನೋಡಲು ಮೀಟರನ್ನು ಎ.ಸಿ. ವೋಲ್ಟಿಗೆ ತಿರುಗಿಸಿ, ಇಂಜಿನ್ ಓಡುವಾಗ ಬ್ಯಾಟರಿಗೆ ಇಡಿ. ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಡಯೋಡ್ ಹೋಗಿದೆ. ರೇಡಿಯೋದಲ್ಲಿ ಇಂಜಿನ್ ಜೊತೆ ಏರುವ ಗುಂಯ್ ಸದ್ದು, ರಾತ್ರಿ ನಿಂತಲ್ಲೇ ಬ್ಯಾಟರಿ ಇಳಿಯುವುದು ಇದರದ್ದೇ ಲಕ್ಷಣ. ಅಗ್ಗದ ಮೀಟರುಗಳು ಇಲ್ಲಿ 28, 30 ಅಂತ ಏನೇನೋ ತೋರಿಸಿ ಹೆದರಿಸುತ್ತವೆ. ಮುಳ್ಳು ಅದಲುಬದಲು ಮಾಡಿ ನೋಡಿ. ಸೊನ್ನೆ ಆದರೆ ಅದು ಮೀಟರಿನ ಗುಣ, ಕಾರಿನದ್ದಲ್ಲ.

ಎಲ್ಲ ಸಂಖ್ಯೆಯೂ ಸರಿ ಇದ್ದು ಬೆಳಿಗ್ಗೆ ಮಾತ್ರ ಬ್ಯಾಟರಿ ಡೌನ್ ಅಂದರೆ ಎಲ್ಲೋ ಸೋರಿಕೆ. ಮೀಟರನ್ನು 10 ಆಂಪಿಯರಿಗೆ ಹಾಕಿ, ಕೆಂಪು ವಯರನ್ನು ಆಂಪಿಯರ್ ತೂತಿಗೆ ಬದಲಿಸಿ, ಬ್ಯಾಟರಿ ಮೈನಸ್ ಕಳಚಿ ನಡುವೆ ಸೇರಿಸಿ. ಅರ್ಧ ಗಂಟೆ ಕಾಯಿರಿ, ಕಾರಿನ ಕಂಪ್ಯೂಟರುಗಳು ಮಲಗಬೇಕು. 0.05 ಆಂಪಿಯರ್ ಒಳಗೆ ಇದ್ದರೆ ಪರವಾಗಿಲ್ಲ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕಿತ್ತು ನೋಡಿ, ಯಾವುದು ಕಿತ್ತಾಗ ಸಂಖ್ಯೆ ಬೀಳುತ್ತದೋ ಅಲ್ಲಿ ಕಳ್ಳ. ಮೀಟರ್ ಹೀಗಿರುವಾಗ ಮಾತ್ರ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬೇಡಿ. ಯಕ್ಷಗಾನದ ಆಟ ನೋಡಲು ಹೋಗಿ ರಾತ್ರಿಯಿಡೀ ಪಾರ್ಕಿಂಗ್ ಲೈಟ್ ಬಿಟ್ಟದ್ದಕ್ಕೂ, ಗಲ್ಫಿಗೆ ಹೋದ ತಮ್ಮನ ಕಾರು ಎಂಟು ತಿಂಗಳು ಶೆಡ್ಡಿನಲ್ಲಿ ಮಲಗಿದ್ದಕ್ಕೂ ಡೈನಮೋವನ್ನು ಬೈಯಬಾರದು.

ಇಳಿಸುವುದು, ಕೂರಿಸುವುದು

ಡೈನಮೋದ್ದೇ ತಪ್ಪು ಅಂತ ಖಾತ್ರಿಯಾದ ಮೇಲೂ ಹೊಸದೇ ಬೇಕಾಗಿಲ್ಲ. ಕಾರ್ಬನ್ 5 ಮಿಲಿಮೀಟರಿಗಿಂತ ಗಿಡ್ಡ ಆಗಿದ್ದರೆ ಕಾರ್ಬನ್ ಮಾತ್ರ ಹಾಕಿಸಬಹುದು. ಅದು ಒತ್ತಿ ನಿಲ್ಲುವ ತಾಮ್ರದ ಉಂಗುರ ಕಪ್ಪಾಗಿದ್ದರೆ ನಯವಾದ ಮರಳುಕಾಗದ ಸಾಕು, ಆಳವಾಗಿ ಗೀರು ಬಿದ್ದಿದ್ದರೆ ಸಾಲದು. ಬೇರಿಂಗ್, ರೆಗ್ಯುಲೇಟರ್, ಡಯೋಡ್ ಪ್ಲೇಟ್ ಬಿಡಿಯಾಗಿ ಸಿಗುತ್ತವೆ. ಕಾಯಿಲ್ ಸುಟ್ಟು ವಾರ್ನಿಷ್ ಕರಟಿದ ವಾಸನೆ ಬರುತ್ತಿದ್ದರೆ ರೀವೈಂಡಿಂಗ್ ಅಂತ ಹೋಗದೆ ಬೇರೆ ಡೈನಮೋ ಹಾಕುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ. ನನ್ನದಕ್ಕೆ ಎರಡೂ ಬೇರಿಂಗ್ ಹೋಗಿ, ಒಳಗೆ ತಿರುಗುವ ಭಾಗ ಕಾಯಿಲಿಗೆ ಉಜ್ಜಿತ್ತು. ಅದಕ್ಕೇ ಬದಲಿಸಿದೆ.

ಬೇಕಾದ್ದು 10, 12, 14ರ ರಿಂಗ್ ಸ್ಪಾನರ್ ಮತ್ತು ಬಾಕ್ಸ್, ಒಂದು ಉದ್ದ ರಾಡು, ತುಕ್ಕು ಬಿಡಿಸುವ ಸ್ಪ್ರೇ, ಬೋಲ್ಟ್ ಹಾಕಿಡಲು ಒಂದು ಗೆರಟೆ. ಇಂಜಿನ್ ಪೂರ್ತಿ ತಣಿದಿರಲಿ.

ಕೆಲವು ಕಾರುಗಳಲ್ಲಿ ಅಡಿಯಿಂದಲೇ ಕೈ ಹಾಕಬೇಕು. ಆಗ ಜಾಕಿಯೊಂದನ್ನೇ ನಂಬಿ ಒಳಗೆ ನುಗ್ಗಬೇಡಿ. ಕೆಂಪುಕಲ್ಲು ಇಡುವುದು ನಮ್ಮೂರ ಅಭ್ಯಾಸ. ಮನೆ ಕಟ್ಟಿದ್ದು ಅದರಲ್ಲೇ, ಕಾರು ನಿಲ್ಲದಾ ಅಂತ ಕೇಳುತ್ತಾರೆ. ಗೋಡೆಯಲ್ಲಿ ಭಾರ ಇಡೀ ಕಲ್ಲಿನ ಮೇಲೆ ಹರಡುತ್ತದೆ. ಇಲ್ಲಿ ಕಬ್ಬಿಣದ ಒಂದು ಅಂಚು ಮಳೆಗೆ ನೆನೆದ ಕಲ್ಲಿನ ಒಂದೇ ಜಾಗಕ್ಕೆ ಒತ್ತುತ್ತದೆ. ಪುಡಿಯಾಗುವಾಗ ಸೂಚನೆ ಕೊಡುವುದಿಲ್ಲ. ಸ್ಟ್ಯಾಂಡ್ ತಂದೇ ಮಾಡಿ.

ಬ್ಯಾಟರಿಯ ಮೈನಸ್ ಮೊದಲು ಕಳಚಿ. ಮೈನಸ್ಸೇ ಯಾಕೆ ಅಂದರೆ, ಅದು ಕಳಚಿದ ಮೇಲೆ ಸ್ಪಾನರ್ ಬಾಡಿಗೆ ಎಲ್ಲಿ ತಾಗಿದರೂ ಕಿಡಿ ಹಾರುವುದಿಲ್ಲ. ಬಿ ಪ್ಲಸ್ ನಟ್ಟಿಗೆ ಬ್ಯಾಟರಿಯಿಂದ ನೇರ ಕರೆಂಟ್ ಬರುತ್ತಿರುತ್ತದೆ, ಇದನ್ನು ಮರೆತು ಕೈ ಹಾಕಿದವರ ಸ್ಪಾನರಿನಲ್ಲಿ ಕಚ್ಚಿದ ಗುರುತು ನೋಡಿದ್ದೇನೆ. ಕಳಚಿದ ತುದಿಗೆ ಬಟ್ಟೆ ಸುತ್ತಿ ದೂರ ಇಡಿ.

ಫೋನಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಬೆಲ್ಟ್ ಯಾವ ಪುಲ್ಲಿಯ ಮೇಲಿನಿಂದ ಬಂದು ಯಾವುದರ ಅಡಿಯಿಂದ ಹೋಗುತ್ತದೆ ಅನ್ನುವುದು ಕಾಣಬೇಕು. ಬಿಚ್ಚುವಾಗ ನೆನಪಿರುತ್ತದೆ ಅನ್ನಿಸುತ್ತದೆ. ಇರುವುದಿಲ್ಲ.

ಚಿಕ್ಕ ಕಾರುಗಳಲ್ಲಿ ಸಾಮಾನ್ಯವಾಗಿ ಅಡಿಯಲ್ಲಿ ಒಂದು ಉದ್ದ ಬೋಲ್ಟ್, ಮೇಲೆ ಉದ್ದ ತೂತಿನ ಪಟ್ಟಿಯಲ್ಲಿ ಇನ್ನೊಂದು. ಎರಡನ್ನೂ ಸಡಿಲ ಮಾಡಿ ಡೈನಮೋವನ್ನು ಇಂಜಿನ್ ಕಡೆ ದೂಡಿದರೆ ಬೆಲ್ಟ್ ಹೊರಗೆ ಬರುತ್ತದೆ. ತಾನೇ ಬಿಗಿ ಹಿಡಿಯುವ ಟೆನ್ಷನರ್ ಇದ್ದರೆ ಅದನ್ನು ರಾಡಿನಿಂದ ತಿರುಗಿಸಿ ಹಿಡಿದು ಬೆಲ್ಟ್ ಜಾರಿಸಬೇಕು. ಬೆಲ್ಟ್ ತೆಗೆದಾಗ ಉಳಿದ ಪುಲ್ಲಿಗಳನ್ನೂ ಕೈಯಲ್ಲಿ ತಿರುಗಿಸಿ ನೋಡಿ. ಕರಕರ ಅಂದರೆ ಈಗಲೇ ಬದಲಿಸಿ, ಇನ್ನೊಮ್ಮೆ ಇಷ್ಟೆಲ್ಲ ಯಾರು ಬಿಚ್ಚುತ್ತಾರೆ?

ಡೈನಮೋದ ಬೆನ್ನಿನ ಸಣ್ಣ ವಯರಿನ ಪ್ಲಗ್ಗಿನ ಕೊಕ್ಕೆ ಒತ್ತಿ ಎಳೆಯಿರಿ, ವಯರು ಹಿಡಿದು ಎಳೆಯಬೇಡಿ. ಹಳೆ ಪ್ಲಾಸ್ಟಿಕ್ ಕಾದು ಕಾದು ಹಪ್ಪಳವಾಗಿರುತ್ತದೆ. ಬಿ ಪ್ಲಸ್ ನಟ್ಟು ಬಿಚ್ಚಿ. ಬೋಲ್ಟ್ ಎರಡೂ ತೆಗೆಯಿರಿ. ಡೈನಮೋ ತಟ್ಟನೆ ಬಿಟ್ಟುಕೊಡುವುದಿಲ್ಲ, ಬೋಲ್ಟ್ ಹೋಗುವ ಅದರ ಅಲ್ಯೂಮಿನಿಯಂ ಕಿವಿಯೂ ಕಬ್ಬಿಣದ ಬ್ರಾಕೆಟೂ ಕಚ್ಚಿಕೊಂಡಿರುತ್ತವೆ. ಸ್ಪ್ರೇ ಹೊಡೆದು ಚಾ ಕುಡಿದು ಬನ್ನಿ. ಆಮೇಲೆ ಅಲುಗಾಡಿಸಿ. ಸುತ್ತಿಗೆಯಿಂದ ಕಿವಿಗೆ ಹೊಡೆದರೆ ಕಿವಿ ಹಾರುತ್ತದೆ. ಹೊರಗೆ ಬರುವಾಗ ಐದಾರು ಕಿಲೋ ಭಾರ ಒಮ್ಮೆಲೇ ಕೈಗೆ ಬೀಳುತ್ತದೆ, ಅಡಿಯಲ್ಲಿ ಇನ್ನೊಂದು ಕೈ ಇರಲಿ.

ಹಳೆಯದನ್ನು ಅಂಗಡಿಗೆ ಹಿಡಿದುಕೊಂಡೇ ಹೋಗಿ. ಕೌಂಟರಿನ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟು ಕಿವಿಗಳ ದೂರ, ಪುಲ್ಲಿಯ ಗೆರೆಗಳ ಲೆಕ್ಕ, ಪ್ಲಗ್ಗಿನ ಪಿನ್ನು, ಮೈಮೇಲೆ ಬರೆದ ಆಂಪಿಯರ್ ಹೋಲಿಸಿ. ಒಂದು ಗೆರೆ ಕಮ್ಮಿ ಇದ್ದರೂ ಬೆಲ್ಟ್ ಓರೆ ಓಡಿ ಹರಿಯುತ್ತದೆ. ರಿಪೇರಿ ಮಾಡಿಟ್ಟ ಹಳೆ ಡೈನಮೋ ತೆಗೆದುಕೊಳ್ಳುವುದಾದರೆ ಬೆಂಚಿನ ಮೇಲೆ ಓಡಿಸಿ ವೋಲ್ಟೇಜ್ ತೋರಿಸಲು ಹೇಳಿ. ಗಡಿಯಾಚೆ ಮಂಗಳೂರಿನಲ್ಲಿ ಕೊಂಡರೆ ಕಮ್ಮಿಗೆ ಸಿಗಬಹುದು, ಆದರೆ ಕೆಟ್ಟರೆ ಬದಲಿಸಲು ಮತ್ತೆ ತಲಪಾಡಿ ದಾಟಬೇಕು. ನಾನು ಬದಿಯಡ್ಕದಲ್ಲೇ ತೆಗೆದುಕೊಂಡೆ.

ಕೂರಿಸುವಾಗ ಎರಡೂ ಬೋಲ್ಟನ್ನು ಮೊದಲು ಕೈಯಲ್ಲೇ ನಾಲ್ಕು ಸುತ್ತು ಹಿಡಿಸಿ. ಪ್ಲಗ್ ಕ್ಲಿಕ್ ಅನ್ನಲಿ. ಬಿ ಪ್ಲಸ್ ವಯರಿನ ಉಂಗುರ ಉಜ್ಜಿ ನಟ್ಟು ಬಿಗಿ ಮಾಡಿ. ಸಡಿಲ ಇದ್ದರೆ ಕಾದು ಕರಗುತ್ತದೆ, ಬಲ ಹಾಕಿದರೆ ಸ್ಟಡ್ಡೇ ತುಂಡಾಗುತ್ತದೆ, ಇಲ್ಲಿ ಉದ್ದ ಸ್ಪಾನರ್ ಬೇಡ. ರಬ್ಬರ್ ಟೊಪ್ಪಿ ಹಾಕಲೇಬೇಕು. ಬೆಲ್ಟ್ ಹಾಕಿ, ರಾಡಿನಿಂದ ಡೈನಮೋವನ್ನು ಹೊರಗೆ ಮೀಟಿ ಹಿಡಿದು ಮೇಲಿನ ಬೋಲ್ಟ್ ಬಿಗಿ ಮಾಡಿ, ಆಮೇಲೆ ಅಡಿಯದ್ದು. ರಾಡನ್ನು ಗಟ್ಟಿ ಬ್ರಾಕೆಟಿಗೆ ಆನಿಸಿ, ತೆಳು ಕವರಿಗಲ್ಲ. ಬೆಲ್ಟ್ ಅತಿ ಬಿಗಿಯಾದರೆ ಹೊಸ ಬೇರಿಂಗನ್ನೂ, ವಾಟರ್ ಪಂಪಿನ ಬೇರಿಂಗನ್ನೂ ತಿನ್ನುತ್ತದೆ. ನನ್ನ ಮೊದಲ ಸಲದ ಬಿಗಿತಕ್ಕೆ ಇಚ್ಚ ತಂತಿ ಮೀಟಿದ ಹಾಗೆ ಬೆಲ್ಟ್ ಮೀಟಿ, "ವೀಣೆ ಮಾಡಿದ್ದೀರಾ ಮಾಷ್ಟ್ರೇ" ಅಂದರು. ಸಡಿಲ ಮಾಡಿದೆ.

ಕೊನೆಗೆ ಬ್ಯಾಟರಿ ಮೈನಸ್. ಆದರೆ ಪೂರ್ತಿ ಖಾಲಿಯಾದ ಬ್ಯಾಟರಿ ಇಟ್ಟು ಸ್ಟಾರ್ಟ್ ಮಾಡಬೇಡಿ. ಒಂದು ರಾತ್ರಿ ಚಾರ್ಜರಿಗೆ ಹಾಕಿ. ಸತ್ತ ಬ್ಯಾಟರಿಯನ್ನು ಮೇಲೆತ್ತಲು ಹೊಸ ಡೈನಮೋ ಗಂಟೆಗಟ್ಟಲೆ ಪೂರ್ತಿ ದಮ್ಮು ಕಟ್ಟಿ ದುಡಿದರೆ ಕಾದು ಕೆಡುತ್ತದೆ. ಸ್ಟಾರ್ಟ್ ಆದ ಮೇಲೆ ಮೇಲೆ ಹೇಳಿದ ಸಂಖ್ಯೆಗಳನ್ನೆಲ್ಲ ಮತ್ತೊಮ್ಮೆ ನೋಡಿ, ಹೊರೆ ಹಾಕಿಯೂ. ಗಡಿಯಾರ, ಪವರ್ ವಿಂಡೋ ಹೊಸದಾಗಿ ಹೊಂದಿಸಬೇಕಾದೀತು.

ದಾರಿಯಲ್ಲೇ ದೀಪ ಬಂದರೆ

ರಾತ್ರಿ ಮಳೆಯಲ್ಲಿ ಕೆಂಪು ಬ್ಯಾಟರಿ ದೀಪ ಬಂತು ಅಂದುಕೊಳ್ಳಿ. ಮೊದಲು ಟೆಂಪರೇಚರ್ ನೋಡಿ. ಕೆಲವು ಕಾರುಗಳಲ್ಲಿ ವಾಟರ್ ಪಂಪನ್ನು ತಿರುಗಿಸುವುದೂ ಅದೇ ಬೆಲ್ಟ್. ಬೆಲ್ಟ್ ಹರಿದು ಮುಳ್ಳು ಏರುತ್ತಿದ್ದರೆ ಅಲ್ಲೇ ನಿಲ್ಲಿಸಿ, ಇಂಜಿನ್ ಸೀಜ್ ಆಗುವುದಕ್ಕಿಂತ ನೆನೆಯುವುದು ವಾಸಿ. ಸ್ಟೇರಿಂಗೂ ಒಮ್ಮೆಲೇ ಭಾರ ಆಗಬಹುದು.

ಬಿಸಿ ಏರದಿದ್ದರೆ ಲೆಕ್ಕ ಹಾಕಿ. ಎರಡು ಹೆಡ್‌ಲೈಟಿಗೆ ಸುಮಾರು 10 ಆಂಪಿಯರ್, ವೈಪರಿಗೆ ನಾಲ್ಕೈದು, ಪೆಟ್ರೋಲ್ ಪಂಪ್ ಮತ್ತು ಇಂಜಿನ್ನಿಗೆ ಹತ್ತರ ಹತ್ತಿರ. 35 ಆಂಪಿಯರ್‌ಅವರ್ ಬ್ಯಾಟರಿ ತುಂಬಿದ್ದರೂ ಲೆಕ್ಕಕ್ಕೆ ಒಂದೂವರೆ ಗಂಟೆ, ನಿಜದಲ್ಲಿ ಅದರ ಅರ್ಧ. ಎ.ಸಿ., ಬ್ಲೋವರ್, ಹಾಡು, ಫೋನ್ ಚಾರ್ಜರ್ ಎಲ್ಲ ಬಂದ್ ಮಾಡಿ. ಇಂಜಿನ್ ಆಫ್ ಮಾಡಬೇಡಿ, ಮತ್ತೆ ಸ್ಟಾರ್ಟ್ ಆಗುವ ಖಾತ್ರಿ ಇಲ್ಲ. ಲೈಟು ಕಮ್ಮಿಯಾಗಲು ಶುರುವಾದರೆ ಮುಂದಿನ ಪೇಟೆಯವರೆಗೆ ಅಂತ ಆಸೆ ಮಾಡದೆ, ಜನ ಇರುವ ಕಡೆ, ಸಾಧ್ಯವಾದರೆ ಇಳಿಜಾರಿನ ತಲೆಯಲ್ಲಿ ಬದಿಗೆ ನಿಲ್ಲಿಸಿ. ಗೇರಿನ ಕಾರನ್ನು ಬೆಳಿಗ್ಗೆ ದೂಡಿ ಸ್ಟಾರ್ಟ್ ಮಾಡಲಾದರೂ ಆದೀತು. ಆಟೋಮ್ಯಾಟಿಕ್ ಇದ್ದವರಿಗೆ ಆ ಭಾಗ್ಯ ಇಲ್ಲ.

ಹೊಸ ಬೆಲ್ಟ್ ಹಾಕಿದ್ದರೆ ಒಂದು ವಾರ ಓಡಿಸಿದ ಮೇಲೆ ಮತ್ತೊಮ್ಮೆ ಹೆಬ್ಬೆರಳಿಟ್ಟು ನೋಡಿ, ಸ್ವಲ್ಪ ಹಿಗ್ಗಿರುತ್ತದೆ. ನಾನು ಬಾನೆಟ್ಟಿನ ಒಳಗೆ ಬಿಳಿ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ. ನಿಂತಾಗ 12.6, ಓಡುವಾಗ 14.2, ಹೊರೆಗೆ 13.7, ಪಕ್ಕದಲ್ಲಿ ತಾರೀಕು. ಆಮೇಲೆ ಸರ್ವಿಸಿಗೆ ಬಿಟ್ಟಾಗ ಅಲ್ಲಿನ ಹುಡುಗ ಅದನ್ನು ಓದಿ, "ಇದು ಎಂತದ್ದು ಸಾರ್, ಬಿ.ಪಿ.ಯಾ?" ಅಂತ ಕೇಳಿದ.